ಗೋದಾಮಿನ ಕ್ಯಾಮೆರಾಗಳಿಗೆ ಕಾರಣ ಬರೆದ ಕೆಲಸ

ನೆಲಮಂಗಲ ದಾಟಿ ದಾಬಸ್‌ಪೇಟೆಯ ಕಡೆಗೆ ಹೋಗುವಾಗ ತುಮಕೂರು ಹೆದ್ದಾರಿಯ ಆಚೀಚೆ ಕಾಣುವ ಗೋದಾಮುಗಳ ಪೈಕಿ ಒಂದರಲ್ಲಿ ನಾನು ಆಡಳಿತ ಮತ್ತು ಕಾನೂನು ಪಾಲನೆಯ ಕೆಲಸ ನೋಡಿಕೊಳ್ಳುತ್ತೇನೆ. ಅಲ್ಲಿರುವ ಸರಕು ನಮ್ಮದಲ್ಲ. ಬೇರೆ ಬೇರೆ ಕಂಪನಿಗಳ ಮಾಲನ್ನು ಇಳಿಸಿಕೊಂಡು, ಎಣಿಸಿ, ರ‍್ಯಾಕಿನಲ್ಲಿಟ್ಟು, ಆರ್ಡರ್ ಬಂದಾಗ ತೆಗೆದು ಕಟ್ಟಿ ಲಾರಿಗೆ ಏರಿಸುವುದು ನಮ್ಮ ವ್ಯವಹಾರ. ಇಂಥ ಕಡೆ ಕ್ಯಾಮೆರಾ ಬೇಡವೆನ್ನುವವರು ಯಾರೂ ಇಲ್ಲ. ಒಂದು ಪೆಟ್ಟಿಗೆ ಕಡಿಮೆಯಾದರೂ ಅದು ಲಾರಿಯಲ್ಲೇ ಕಡಿಮೆ ಬಂದಿತ್ತೇ, ಲಾರಿಯ ಮಾಲು ಇಳಿಸಿ ಏರಿಸುವ ಕಟ್ಟೆಯಾದ ಡಾಕಿನಲ್ಲಿ ತಪ್ಪಿತೇ, ರ‍್ಯಾಕಿನಿಂದ ಹೋಯಿತೇ ಎಂದು ಹೇಳಬೇಕಾದವರು ನಾವು. ಹೇಳಲಾಗದಿದ್ದರೆ ಅದರ ಬೆಲೆ ನಮ್ಮ ಬಿಲ್ಲಿನಲ್ಲಿ ಕಡಿತವಾಗುತ್ತದೆ. ಹೀಗಾಗಿ ಶಾರ್ಟೇಜ್ ಆದಾಗಲೆಲ್ಲ ಒಂದೆರಡು ಕ್ಯಾಮೆರಾ ಸೇರಿಕೊಳ್ಳುತ್ತ ಬಂದು ಅವುಗಳ ಸಂಖ್ಯೆ 48ಕ್ಕೆ ಮುಟ್ಟಿತ್ತು.

ಅವನ್ನು ಒಂದೊಂದಾಗಿ ಪರಿಶೀಲಿಸುವ ಪ್ರಸಂಗ ಬಂದದ್ದು ಗ್ರಾಹಕ ಕಂಪನಿಯೊಂದು ಒಪ್ಪಂದ ನವೀಕರಿಸುವ ಮೊದಲು ಕಳಿಸಿದ ಪ್ರಶ್ನಾವಳಿಯಿಂದ. ಪ್ರತಿ ಕ್ಯಾಮೆರಾ ಏಕಿದೆ, ಅದರ ದೃಶ್ಯವನ್ನು ಯಾರು ನೋಡುತ್ತಾರೆ, ಎಷ್ಟು ದಿನ ಉಳಿಸುತ್ತೀರಿ, ಇದಕ್ಕೆಲ್ಲ ಕಾನೂನಿನ ಆಧಾರವೇನು ಎಂದು ಅದರಲ್ಲಿ ಕೇಳಿದ್ದರು. ನಮ್ಮ ಕಡತದಲ್ಲಿ ಇದ್ದದ್ದು ಅಳವಡಿಸಿದವರ ಬಿಲ್ಲುಗಳು ಮತ್ತು ವಾರ್ಷಿಕ ನಿರ್ವಹಣೆಯ ಕರಾರು ಮಾತ್ರ. ಉತ್ತರಗಳನ್ನು ಅಂದಾಜಿನ ಮೇಲೆ ತುಂಬಿ ಕಳಿಸಬಹುದಿತ್ತು. ಅನೇಕರು ಹಾಗೆಯೇ ಮಾಡುತ್ತಾರೆ. ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳನ್ನು 2025ರ ನವೆಂಬರಿನಲ್ಲಿ ಹೊರಡಿಸಿದ್ದರಿಂದ, ಹೇಗೂ ಮಾಡಬೇಕಾದ ಕೆಲಸವನ್ನು ಈಗಲೇ ಸರಿಯಾಗಿ ಮಾಡೋಣವೆಂದು ನಮ್ಮ ವ್ಯವಸ್ಥಾಪಕರನ್ನು ಒಪ್ಪಿಸಿದೆ.

ಕೆಲಸದ ಜಾಗದ ಕ್ಯಾಮೆರಾಗಳಿಗೆಂದೇ ಬರೆದ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ. ಹಲವು ಕಾಯ್ದೆಗಳ ತುಣುಕುಗಳನ್ನು ಕೂಡಿಸಿಕೊಂಡು ಓದಬೇಕು. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ. ಆ ತೀರ್ಪು ಮುಖ್ಯವಾಗಿ ಸರ್ಕಾರದ ಕ್ರಮಗಳನ್ನು ಕುರಿತದ್ದು, ಖಾಸಗಿ ಗೋದಾಮಿಗೆ ನೇರವಾಗಿ ತಾಗುವುದಿಲ್ಲ ಎಂದು ವಾದಿಸಬಹುದು. ಆದರೂ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಎಂಬ ಅದರ ಮೂರು ಒರೆಗಳು ಮುಂದೆ ನಮಗೆ ಪ್ರತಿ ಕ್ಯಾಮೆರಾದ ಮುಂದೆಯೂ ಉಪಯೋಗಕ್ಕೆ ಬಂದವು.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ವಿಚಾರದಲ್ಲಿ ನಮ್ಮ ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ಕಾರ್ಮಿಕರಿಂದೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯಿತು. ನಾವು ಸಲಹೆ ಕೇಳಿದ ವಕೀಲರು ಅದು ಬೇಡವೇ ಬೇಡ ಎಂದರು. ಒಪ್ಪಿಗೆ ಮುಕ್ತವಾಗಿರಬೇಕು ಮತ್ತು ಅದನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ ಕಾಯ್ದೆಯ 6ನೇ ಸೆಕ್ಷನ್. ದಿನಗೂಲಿಗೆ ಬಂದವನು ಗೇಟಿನಲ್ಲಿ ನಿಂತು ಹಾಕಿದ ಸಹಿಯನ್ನು ಮುಕ್ತ ಒಪ್ಪಿಗೆ ಎಂದು ಯಾವ ಪ್ರಾಧಿಕಾರ ನಂಬುತ್ತದೆ? ಅವನು ನಾಳೆ ಅದನ್ನು ಹಿಂಪಡೆದರೆ, ಅವನೊಬ್ಬನನ್ನು ಬಿಟ್ಟು ಉಳಿದವರನ್ನು ಮಾತ್ರ ಚಿತ್ರಿಸುವ ಕ್ಯಾಮೆರಾ ಎಲ್ಲಿದೆ?

ಒಪ್ಪಿಗೆಯ ಬದಲು ಅವರು ತೋರಿಸಿದ್ದು 7ನೇ ಸೆಕ್ಷನ್ನನ್ನು. ಉದ್ಯೋಗದ ಉದ್ದೇಶಕ್ಕೆ, ಅಥವಾ ಉದ್ಯೋಗದಾತನನ್ನು ನಷ್ಟದಿಂದ ಇಲ್ಲವೇ ಹೊಣೆಗಾರಿಕೆಯಿಂದ ಕಾಪಾಡುವ ಉದ್ದೇಶಕ್ಕೆ ವೈಯಕ್ತಿಕ ದತ್ತಾಂಶವನ್ನು ಒಪ್ಪಿಗೆಯಿಲ್ಲದೆಯೇ ಬಳಸಲು ಅದು ಅವಕಾಶ ಕೊಡುತ್ತದೆ. ಕೇಳಲು ವಿಶಾಲವಾದ ಬಾಗಿಲು. ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಒಂದನೆಯದು, ಉದ್ದೇಶವನ್ನು ನಾವೇ ಹೇಳಿ ಅದಕ್ಕೆ ಬದ್ಧರಾಗಿರಬೇಕು. ಕಳವು ತಡೆಯಲೆಂದು ಹಾಕಿದ ಕ್ಯಾಮೆರಾದಿಂದ ಯಾರು ಎಷ್ಟು ಹೊತ್ತು ಕುಳಿತಿದ್ದರು ಎಂದು ಲೆಕ್ಕ ಹಾಕಿದರೆ ಆಧಾರವೇ ಕುಸಿಯುತ್ತದೆ. ಎರಡನೆಯದು, ನೌಕರ ಎಂದರೆ ಯಾರೆಂದು ಕಾಯ್ದೆ ವ್ಯಾಖ್ಯಾನಿಸಿಲ್ಲ. ನಮ್ಮ ಗೋದಾಮಿನಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿರುವವರು ಕಡಿಮೆ. ಹಮಾಲರು ಗುತ್ತಿಗೆದಾರರ ಕಡೆಯವರು, ಸೆಕ್ಯುರಿಟಿಯವರು ಏಜೆನ್ಸಿಯವರು, ಲಾರಿಯ ಚಾಲಕರು ಮತ್ತು ಕ್ಲೀನರುಗಳು ಸಾಗಣೆ ಕಂಪನಿಗಳವರು. ಇವರೆಲ್ಲ ಆ ಸೆಕ್ಷನ್ನಿನ ಒಳಗೆ ಬರುತ್ತಾರೆಯೇ ಎಂಬ ಪ್ರಶ್ನೆಗೆ ವಕೀಲರ ಉತ್ತರ ಎಚ್ಚರದ್ದಾಗಿತ್ತು: ನಷ್ಟ ತಡೆಯುವ ಉದ್ದೇಶವನ್ನು ಎಷ್ಟು ಕಿರಿದಾಗಿ ಇಟ್ಟುಕೊಳ್ಳುತ್ತೀರೋ ಅಷ್ಟು ಗಟ್ಟಿಯಾಗಿ ನಿಲ್ಲಬಹುದು, ಮತ್ತು ಕಾಯ್ದೆ ಕಡ್ಡಾಯ ಮಾಡಿರಲಿ ಬಿಡಲಿ ಎಲ್ಲರಿಗೂ ಮೊದಲೇ ತಿಳಿಸಿಬಿಡಿ.

ಆದ್ದರಿಂದ ಒಂದು ದೊಡ್ಡ ತಃಖ್ತೆ ಮಾಡಿಕೊಂಡು ಪ್ರತಿ ಕ್ಯಾಮೆರಾಕ್ಕೂ ಒಂದು ಸಾಲು ಬರೆಯಲು ಕುಳಿತೆವು. ಅದು ಏನನ್ನು ಕಾಯುತ್ತಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಆ ಕ್ಯಾಮೆರಾ ಇಳಿಯಬೇಕು. ಡಾಕಿನ ಕ್ಯಾಮೆರಾಗಳಿಗೆ ಕಷ್ಟವಿರಲಿಲ್ಲ: ಲಾರಿಯ ಸೀಲ್ ಒಡೆಯುವುದು, ಪೆಟ್ಟಿಗೆಗಳ ಎಣಿಕೆ, ಡ್ಯಾಮೇಜ್ ಎಲ್ಲಿ ಆಯಿತೆಂಬುದು. ಗೇಟು, ತೂಕದ ಕಟ್ಟೆ, ಮೊಬೈಲ್ ಫೋನು ಮತ್ತು ಸುಗಂಧದ್ರವ್ಯಗಳಂಥ ಬೆಲೆಬಾಳುವ ಮಾಲಿನ ಕೇಜ್, ಫೋರ್ಕ್‌ಲಿಫ್ಟ್ ತಿರುಗುವ ಮೂಲೆಗಳು, ಬ್ಯಾಟರಿ ಚಾರ್ಜ್ ಮಾಡುವ ಸ್ಥಳ, ಇವಕ್ಕೂ ಕಾರಣ ತಾನಾಗಿ ಬಂತು. ತೊಡಕು ಎದುರಾದದ್ದು ಮಾಲಿಲ್ಲದ, ಬರೀ ಮನುಷ್ಯರಿರುವ ಜಾಗಗಳಲ್ಲಿ.

ಊಟದ ಕೋಣೆಯೊಳಗೆ ಒಂದು ಕ್ಯಾಮೆರಾ ಇತ್ತು. ಹಿಂದೊಮ್ಮೆ ಅಲ್ಲಿ ಹೊಡೆದಾಟ ಆಗಿದ್ದರಿಂದ ಹಾಕಿದ್ದರಂತೆ. ಅದರ ಬಗ್ಗೆ ಕೇಳಲೆಂದು ಹಮಾಲರ ಮೇಸ್ತ್ರಿಯನ್ನು ಕರೆಸಿದೆ. ರಾಯಚೂರು ಕಡೆಯ ಹಿರಿಯರು. "ಮೇಡಂ, ಮಾಲಿನ ಮ್ಯಾಲ ಎಷ್ಟು ಬೇಕಾದ್ರ ಕ್ಯಾಮೆರಾ ಹಾಕ್ರಿ, ನಮಗೂ ಚಲೋನೇ. ಏನಾರ ಕಳುವಾದ್ರ ಮೊದಲ ನಮ್ಮ ಮ್ಯಾಲನೇ ಬರ್ತದ, ಕ್ಯಾಮೆರಾ ಇದ್ರ ನಾವು ಉಳಿತೀವಿ. ಆದ್ರ ಉಣ್ಣೋ ಜಾಗದಾಗ ಯಾಕ್ರೀ?" ಎಂದರು. ವಕೀಲರ ಹದಿನೈದು ಪುಟಗಳ ಅಭಿಪ್ರಾಯಕ್ಕಿಂತ ಇದು ನನಗೆ ಸ್ಪಷ್ಟವಾಗಿ ಕೇಳಿಸಿತು. ಒಳಗಿನ ಕ್ಯಾಮೆರಾ ತೆಗೆಸಿ, ಬಾಗಿಲಿನ ಹೊರಗೆ ಯಾರು ಬಂದರು, ಯಾರು ಹೋದರು ಎಂಬುದಷ್ಟೇ ಕಾಣುವಂತೆ ಒಂದನ್ನು ಇಟ್ಟೆವು.

ಹೆಂಗಸರ ಶೌಚಾಲಯದ ಮುಂದಿನ ಓಣಿಯದ್ದು ಇನ್ನೂ ಸೂಕ್ಷ್ಮ. ಆ ಕ್ಯಾಮೆರಾ ಇದ್ದದ್ದು ತುರ್ತು ನಿರ್ಗಮನದ ಬಾಗಿಲನ್ನು ಕಾಯಲು, ಮತ್ತು ಆ ಬಾಗಿಲಿನಿಂದ ಹಿಂದೆ ಮಾಲು ಹೊರಗೆ ಹೋದದ್ದೂ ಉಂಟು. ಕಂಟ್ರೋಲ್ ರೂಮಿನ ಪರದೆಯಲ್ಲಿ ಶೌಚಾಲಯದ ಬಾಗಿಲು ಒಂದು ಅಂಚಿನಲ್ಲಿ ಕಾಣುತ್ತಿತ್ತು, ಮುಚ್ಚಿದ್ದಾಗ ಆಕ್ಷೇಪಾರ್ಹವಾದದ್ದು ಏನೂ ಇಲ್ಲ. ನಮ್ಮ ಮಹಿಳಾ ಗಾರ್ಡ್ ಒಬ್ಬರನ್ನು ಅಲ್ಲಿ ನಿಲ್ಲಿಸಿ ಬಾಗಿಲನ್ನು ತೆರೆದು ಮುಚ್ಚಿ ಮಾಡಲು ಹೇಳಿ, ನಾನು ಮತ್ತು ಕ್ಯಾಮೆರಾ ಟೆಕ್ನಿಷಿಯನ್ ಪರದೆಯ ಮುಂದೆ ಕುಳಿತು ನೋಡಿದೆವು. ಬಾಗಿಲು ಪೂರ್ತಿ ತೆರೆದಾಗ ಒಳಗಿನ ಕೈ ತೊಳೆಯುವ ಬೇಸಿನ್ ಮತ್ತು ಅದರ ಮೇಲಿನ ಕನ್ನಡಿ ಕಾಣಿಸಿದವು. ಕನ್ನಡಿಯಲ್ಲಿ ಹಿಂದಿನ ಗೋಡೆಯೂ. ಟೆಕ್ನಿಷಿಯನ್ ಆ ಭಾಗವನ್ನು ಸಾಫ್ಟ್‌ವೇರಿನಲ್ಲಿ ಕಪ್ಪು ಚೌಕ ಹಾಕಿ ಮುಚ್ಚಬಹುದು ಎಂದರು. ಅಡ್ಮಿನ್ ಪಾಸ್‌ವರ್ಡ್ ಇದ್ದವರು ಆ ಚೌಕವನ್ನು ಯಾವಾಗ ಬೇಕಾದರೂ ತೆಗೆಯಬಹುದಲ್ಲ ಎಂದು ಕೇಳಿದ್ದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಕೊನೆಗೆ ಕ್ಯಾಮೆರಾವನ್ನೇ ಎದುರು ಗೋಡೆಗೆ ಸ್ಥಳಾಂತರಿಸಿ, ಶೌಚಾಲಯದ ಕಡೆಗೆ ಅದರ ಬೆನ್ನು ಇರುವಂತೆ ಬಿಗಿಸಿದೆವು. ಹೆಂಗಸರು ಖಾಸಗಿ ಸ್ಥಿತಿಯಲ್ಲಿರುವಾಗ ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನಡಿ ಅಪರಾಧ, ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷದ ಜೈಲು. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳನ್ನು ಚಿತ್ರಿಸುವುದನ್ನು ಅಪರಾಧವೆನ್ನುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಗಂಡಸರಿಗೂ ಹೆಂಗಸರಿಗೂ ಒಂದೇ ರೀತಿ ಅನ್ವಯಿಸುತ್ತದೆ. ಉದ್ದೇಶಪೂರ್ವಕವಾಗಿ ಮಾಡಿರಲಿಲ್ಲ ಎಂಬ ಸಮಜಾಯಿಷಿಯನ್ನು ಠಾಣೆಯಲ್ಲಿ ಹೇಳುವ ಪರಿಸ್ಥಿತಿ ಯಾರಿಗೂ ಬೇಡ. ಹಮಾಲರು ಬಟ್ಟೆ ಬದಲಿಸಿಕೊಳ್ಳುತ್ತಿದ್ದ ಲಾಕರ್ ಮೂಲೆಯ ಕಡೆಗೂ ಒಂದು ತಿರುಗುವ ಕ್ಯಾಮೆರಾ ಹೊರಳಬಲ್ಲದಾಗಿತ್ತು. ಅದನ್ನು ತೆಗೆದು ತಿರುಗದ ಕ್ಯಾಮೆರಾ ಹಾಕಿಸಿದೆವು.

ಹೊಸ ಕ್ಯಾಮೆರಾಗಳಲ್ಲಿ ಮೈಕ್ ಒಳಗೇ ಇರುತ್ತದೆ ಎಂಬುದು ಪ್ಯಾಕಿಂಗ್ ಮೇಜುಗಳ ಹಳೆಯ ದೃಶ್ಯವೊಂದನ್ನು ತೆರೆದಾಗ ಗೊತ್ತಾಯಿತು. ಇಬ್ಬರು ಹುಡುಗಿಯರು ಟೇಪ್ ಅಂಟಿಸುತ್ತ ಮನೆಯ ಸಾಲದ ಬಗ್ಗೆ ಮಾತಾಡುತ್ತಿದ್ದದ್ದು ಸ್ವಚ್ಛವಾಗಿ ಕೇಳಿಸಿತು. ಪೆಟ್ಟಿಗೆ ಎಣಿಸಲು ಮಾತು ಕೇಳಿಸಬೇಕಾಗಿಲ್ಲ. ಎಲ್ಲ ಕ್ಯಾಮೆರಾಗಳ ಧ್ವನಿಮುದ್ರಣವನ್ನು ಅಂದೇ ನಿಲ್ಲಿಸಿ, ನಿಲ್ಲಿಸಿದ್ದನ್ನು ಬರೆದಿಟ್ಟೆವು.

ಇಷ್ಟೆಲ್ಲ ಆದರೂ ನಿಜವಾದ ಸಮಸ್ಯೆ ಗೋಡೆಯ ಮೇಲೆ ಇರಲಿಲ್ಲ, ಜನರ ಜೇಬಿನಲ್ಲಿತ್ತು. ರೆಕಾರ್ಡರಿನಲ್ಲಿ ಯಾವ್ಯಾವ ಫೋನುಗಳು ಲೈವ್ ನೋಡುತ್ತಿವೆ ಎಂದು ಪಟ್ಟಿ ತೆಗೆಸಿದಾಗ ಹತ್ತಕ್ಕೂ ಹೆಚ್ಚು ಬಂದವು. ಅದರಲ್ಲಿ ಕೆಲಸ ಬಿಟ್ಟು ಹೋದ ಸೂಪರ್‌ವೈಸರುಗಳ ಫೋನುಗಳಿದ್ದವು, ಅಳವಡಿಸಿದ ಏಜೆನ್ಸಿಯ ಹುಡುಗನದ್ದೂ ಇತ್ತು. ಎಲ್ಲರದ್ದೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಟ್ರಾಲಿ ಎಳೆಯುತ್ತಿದ್ದ ಹುಡುಗನೊಬ್ಬ ಜಾರಿ ಬಿದ್ದ ತುಣುಕು ಕೆಲವು ತಿಂಗಳ ಹಿಂದೆ ವಾಟ್ಸಾಪ್ ಗುಂಪುಗಳಲ್ಲಿ ನಗೆಗೆ ವಸ್ತುವಾಗಿ ಓಡಾಡಿದ್ದು ಎಲ್ಲಿಂದ ಎಂದು ಈಗ ಅರ್ಥವಾಯಿತು. ಯಾರು ಕಳಿಸಿದರು ಎಂದು ಹೇಳುವ ದಾರಿ ಮಾತ್ರ ಇರಲಿಲ್ಲ, ಏಕೆಂದರೆ ಯಾರು ಯಾವಾಗ ನೋಡಿದರೆಂದು ರೆಕಾರ್ಡರ್ ದಾಖಲಿಸುವ ಲಾಗ್‌ನಲ್ಲಿ ಎಲ್ಲರ ಹೆಸರೂ ಅಡ್ಮಿನ್. ಫ್ರಾನ್ಸಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ 2023ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿಯ ಅಲ್ಲಿನ ಗೋದಾಮು ಸಂಸ್ಥೆಗೆ 3.2 ಕೋಟಿ ಯೂರೋ ದಂಡ ವಿಧಿಸಿದಾಗ, ಸ್ಕ್ಯಾನರುಗಳ ಮೂಲಕ ಕಾರ್ಮಿಕರ ಬಿಡುವಿನ ಕ್ಷಣಗಳನ್ನೂ ಅಳೆದದ್ದು ಮುಖ್ಯ ಕಾರಣವಾಗಿದ್ದರೂ, ಕ್ಯಾಮೆರಾಗಳ ಬಗ್ಗೆ ಜನರಿಗೆ ಸರಿಯಾಗಿ ತಿಳಿಸಿರಲಿಲ್ಲ, ದುರ್ಬಲ ಪಾಸ್‌ವರ್ಡಿನ ಒಂದೇ ಖಾತೆಯನ್ನು ಹಲವರು ಹಂಚಿಕೊಂಡಿದ್ದರು ಎಂಬ ದೋಷಗಳನ್ನೂ ಎತ್ತಿತ್ತು. ಆ ದೇಶದ ಕಾನೂನು ನಮಗೆ ಅನ್ವಯಿಸುವುದಿಲ್ಲ. ಆದರೆ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ನಮ್ಮ ಕಾಯ್ದೆಯಲ್ಲಿರುವ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ ಎಂದು ವ್ಯವಸ್ಥಾಪಕರ ಮುಂದೆ ಓದಿದ ಮೇಲೆ, ತಮ್ಮ ಫೋನಿನಲ್ಲಿದ್ದ ಆ್ಯಪನ್ನು ಮೊದಲು ಅಳಿಸಿದವರು ಅವರೇ.

ಈಗ ಲೈವ್ ದೃಶ್ಯ ಕಂಟ್ರೋಲ್ ರೂಮಿನಲ್ಲಿ ಮಾತ್ರ. ಹಳೆಯ ದೃಶ್ಯ ತೆರೆಯಬೇಕಾದರೆ ಇಬ್ಬರ ಹೆಸರಿನ ಪ್ರತ್ಯೇಕ ಖಾತೆಗಳಿಗಷ್ಟೇ ಅನುಮತಿ, ಮತ್ತು ಪ್ರತಿ ಸಲವೂ ಯಾರು ಕೇಳಿದರು, ಏಕೆ, ಯಾವ ಹೊತ್ತಿನದು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ದತ್ತಾಂಶ ಸೋರಿಕೆಯಾದರೆ ತೊಂದರೆಗೊಳಗಾದವರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, ಮಂಡಳಿಗೆ 72 ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕೆಂದು ನಿಯಮವಿದೆ. ಈ ರಿಜಿಸ್ಟರ್ ಇಲ್ಲದೆ ಆ ವಿವರ ಎಲ್ಲಿಂದ ತರುವುದು? ಕ್ಯಾಮೆರಾ ಅಳವಡಿಸಿದ ಏಜೆನ್ಸಿಯವರೊಂದಿಗೆ ಹೊಸ ಕರಾರು ಮಾಡಿಕೊಂಡು, ರಿಪೇರಿಗೆ ಬಂದಾಗ ನಮ್ಮವರು ಪಕ್ಕದಲ್ಲಿರಬೇಕು, ಹಾರ್ಡ್ ಡಿಸ್ಕ್ ಕೆಟ್ಟರೂ ಹೊರಗೆ ಒಯ್ಯುವಂತಿಲ್ಲ ಎಂದು ಸೇರಿಸಿದೆವು. 2025ರ ಏಪ್ರಿಲ್ 9ರಿಂದ ಕ್ಯಾಮೆರಾಗಳ ಮಾರಾಟಕ್ಕೆ ಕೇಂದ್ರ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿರುವುದರಿಂದ, ಬದಲಾಯಿಸಿದ ಕ್ಯಾಮೆರಾಗಳಿಗೆ ಆ ಪ್ರಮಾಣಪತ್ರ ಕೇಳಿ ಪಡೆದೆವು. ಮಾರುವವರಿಗೆ ಇದು ಕಿರಿಕಿರಿಯಾಯಿತು, ಬೆಲೆಯೂ ಏರಿತು.

ಪ್ರಶ್ನಾವಳಿ ಕಳಿಸಿದ ಕಂಪನಿಯೇ ಇನ್ನೊಂದು ಕಡೆಯಿಂದ ತನ್ನ ಮಾಲಿರುವ ಭಾಗದ ಲೈವ್ ದೃಶ್ಯ ತನ್ನ ಮುಖ್ಯ ಕಚೇರಿಗೆ ಬೇಕೆಂದು ಕೇಳುತ್ತಿತ್ತು. ಖಾಸಗಿತನದ ತಃಖ್ತೆ ಕೇಳಿದ್ದು ಅವರ ಆಡಿಟ್ ವಿಭಾಗ, ಲೈವ್ ಕೇಳಿದ್ದು ಅವರ ಕಾರ್ಯಾಚರಣೆ ವಿಭಾಗ. ಏಕೆ ಬೇಕು ಎಂದು ಬರಹದಲ್ಲಿ ಕೇಳಿದೆ. ಪಿಕಿಂಗ್, ಅಂದರೆ ರ‍್ಯಾಕಿನಿಂದ ಮಾಲು ತೆಗೆಯುವ ವೇಗ ನೋಡಲು ಎಂದು ಉತ್ತರ ಬಂತು. ವೇಗ ತಿಳಿಯಲು ಆರ್ಡರ್ ಯಾವಾಗ ಬಂತು, ಯಾವಾಗ ಕಟ್ಟಿ ಮುಗಿಯಿತು ಎಂಬ ಲೆಕ್ಕ ಅವರಿಗೆ ಪ್ರತಿದಿನ ಹೋಗುತ್ತದೆ. ಅದಕ್ಕೆ ಮನುಷ್ಯರ ಮುಖ ನೋಡುವ ಅಗತ್ಯವಿಲ್ಲ, ಮತ್ತು ಇವರ್ಯಾರೂ ಅವರ ನೌಕರರಲ್ಲ ಎಂದು ಬರೆದೆ. ಮಾತುಕತೆ ಸ್ವಲ್ಪ ಬಿಸಿಯಾಯಿತು. ಶಾರ್ಟೇಜ್ ಅಥವಾ ಡ್ಯಾಮೇಜ್ ದೂರು ಬಂದಾಗ ಆ ಹೊತ್ತಿನ ತುಣುಕನ್ನು ಕೊಡುವುದು, ಲೈವ್ ಇಲ್ಲ ಎಂಬಲ್ಲಿಗೆ ನಿಂತಿತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ತೀರ್ಮಾನ ಇದೇ. ಕ್ಯಾಮೆರಾ ಎಲ್ಲಿದೆ ಎಂಬುದಕ್ಕಿಂತ ಯಾರು, ಯಾವ ಪ್ರಶ್ನೆ ಇಟ್ಟುಕೊಂಡು ಅದರ ಮುಂದೆ ಕೂರುತ್ತಾರೆ ಎಂಬುದೇ ಕಾನೂನಿನ ವಿಷಯ.

ಎಷ್ಟು ದಿನ ಉಳಿಸಬೇಕು ಎಂಬುದಕ್ಕೆ ಸರಳ ಉತ್ತರ ಸಿಗಲಿಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017, ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸಾರ್ವಜನಿಕ ಪ್ರವೇಶದ ಸ್ಥಳಗಳಿಗೆ ಕ್ಯಾಮೆರಾ ಕಡ್ಡಾಯ ಮಾಡಿ, ದೃಶ್ಯವನ್ನು 30 ದಿನ ಉಳಿಸಬೇಕೆನ್ನುತ್ತದೆ. ನಮ್ಮದು ಆ ಅರ್ಥದಲ್ಲಿ ಸಾರ್ವಜನಿಕ ಸ್ಥಳವಲ್ಲದಿದ್ದರೂ ರಾಜ್ಯದ ಕಾನೂನಿನಲ್ಲೇ ಒಂದು ಅಳತೆ ಸಿಕ್ಕಿತೆಂದು 30 ದಿನಕ್ಕೆ ನಿಂತೆವು. ದೂರು ಬಂದ ತುಣುಕುಗಳನ್ನು ಮಾತ್ರ ಪ್ರತ್ಯೇಕವಾಗಿ ತೆಗೆದಿಡುತ್ತೇವೆ. ಆದರೆ 2025ರ ನಿಯಮಗಳಲ್ಲಿ ವೈಯಕ್ತಿಕ ದತ್ತಾಂಶವನ್ನೂ ಲಾಗುಗಳನ್ನೂ ಕನಿಷ್ಠ ಒಂದು ವರ್ಷ ಉಳಿಸಬೇಕೆಂಬ ಮಾತು ಇದೆ. ಲಾಗುಗಳಿಗೆ ಅದು ಸರಿ. ಕ್ಯಾಮೆರಾ ದೃಶ್ಯಕ್ಕೂ ಅದನ್ನು ಹಾಗೆಯೇ ಅನ್ವಯಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿದೆವು: ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಗಿಗಾಬೈಟ್, 48 ಕ್ಯಾಮೆರಾಕ್ಕೆ ದಿನಕ್ಕೆ ಒಂದು ಟೆರಾಬೈಟಿಗಿಂತ ತುಸು ಹೆಚ್ಚು. 30 ದಿನಕ್ಕೆ 31 ಟೆರಾಬೈಟ್ ಸಾಕಾದರೆ ವರ್ಷಕ್ಕೆ 378 ಬೇಕು. ಖರ್ಚಿನ ಮಾತು ಹಾಗಿರಲಿ, ಜನರ ಓಡಾಟವನ್ನು ವರ್ಷಗಟ್ಟಲೆ ಕೂಡಿಡುವುದು ಖಾಸಗಿತನ ಕಾಯುವ ಕಾಯ್ದೆಯ ಹೆಸರಿನಲ್ಲೇ ಆಗಬೇಕೇ ಎಂಬುದು ನನ್ನ ಆಕ್ಷೇಪ. ಪ್ರಮುಖ ಹೊಣೆಗಳು ಜಾರಿಗೆ ಬರುವುದು 18 ತಿಂಗಳ ಕಾಲಾವಕಾಶದ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಇದನ್ನು ಮತ್ತೆ ನೋಡುವುದೆಂದು ತಃಖ್ತೆಯಲ್ಲಿ ಬರೆದಿದ್ದೇವೆ.

ಸಾಕ್ಷ್ಯದ ಪ್ರಶ್ನೆಯನ್ನು ಎತ್ತಿದವರು ವಕೀಲರು. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಮೇಲೆ, ಇಂಥ ದೃಶ್ಯವನ್ನು ನ್ಯಾಯಾಲಯಕ್ಕೆ ಕೊಡಬೇಕಾದರೆ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿರಬೇಕು: ಒಂದಕ್ಕೆ ಸಾಧನದ ಹೊಣೆ ಹೊತ್ತವರು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು, ಫೈಲನ್ನು ತಿದ್ದಿದರೆ ಬದಲಾಗಿಬಿಡುವ ಅದರ ಗುರುತು ಸಂಕೇತವಾದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಆ ಹೊಣೆ ಹೊತ್ತವರು ಯಾರೆಂದು ಹೆಸರಿಸಬೇಕಾದಾಗ ಕೋಣೆಯಲ್ಲಿ ಎಲ್ಲರೂ ಮೇಜು ನೋಡತೊಡಗಿದರು. ಕೊನೆಗೆ ಅದು ಭದ್ರತಾ ಅಧಿಕಾರಿಯ ಪಾಲಿಗೆ ಬಂತು. ಸಹಿ ಹಾಕುವ ಮೊದಲು ಅವರು ಒಂದು ಪರೀಕ್ಷೆ ಮಾಡಿದರು. ತಮ್ಮ ಮೊಬೈಲಿನ ಗಡಿಯಾರವನ್ನು ಡಾಕಿನ ಕ್ಯಾಮೆರಾಕ್ಕೆ ಹಿಡಿದು, ಆಮೇಲೆ ಆ ದೃಶ್ಯ ತೆರೆದು ನೋಡಿದರೆ ಪರದೆಯ ಮೂಲೆಯ ಸಮಯ ಹನ್ನೊಂದು ನಿಮಿಷ ಹಿಂದಿತ್ತು. ಗೇಟಿನ ರಿಜಿಸ್ಟರಿನ ಪ್ರಕಾರ ಇನ್ನೂ ಒಳಗೇ ಬಂದಿರದ ಲಾರಿ ನಮ್ಮ ಕ್ಯಾಮೆರಾದಲ್ಲಿ ಡಾಕಿಗೆ ಬಂದು ನಿಂತಿರುತ್ತಿತ್ತು. ಎದುರು ಪಕ್ಷದ ವಕೀಲರಿಗೆ ಇಷ್ಟು ಸಾಕು. ರೆಕಾರ್ಡರುಗಳನ್ನೆಲ್ಲ ನಮ್ಮ ಸರ್ವರಿನ ಸಮಯಕ್ಕೆ ಜೋಡಿಸಿ, ತಿಂಗಳಿಗೊಮ್ಮೆ ಹೀಗೆಯೇ ತಾಳೆ ನೋಡುವ ಕ್ರಮವನ್ನು ಇಟ್ಟುಕೊಂಡೆವು. ಆಂತರಿಕ ವಿಚಾರಣೆಯಲ್ಲಿ ಯಾರ ವಿರುದ್ಧವಾದರೂ ದೃಶ್ಯ ಬಳಸಿದರೆ ಅದನ್ನು ಆ ವ್ಯಕ್ತಿಗೆ ಮೊದಲೇ ತೋರಿಸಿ, ಹೇಳುವುದನ್ನು ಕೇಳಬೇಕು ಎಂದೂ ನೀತಿಯಲ್ಲಿ ಬರೆದೆವು.

ಸೂಚನಾ ಫಲಕಗಳನ್ನು ಕನ್ನಡ, ಹಿಂದಿ, ಒಡಿಯಾ ಮತ್ತು ಇಂಗ್ಲಿಷಿನಲ್ಲಿ ಬರೆಸಿ ಗೇಟು, ಡಾಕು, ಊಟದ ಕೋಣೆಯ ಬಾಗಿಲುಗಳಲ್ಲಿ ಹಾಕಿದೆವು: ಕ್ಯಾಮೆರಾ ಏಕಿದೆ, ಎಷ್ಟು ದಿನ ಉಳಿಯುತ್ತದೆ, ಧ್ವನಿ ಮುದ್ರಿಸುವುದಿಲ್ಲ, ದೂರಿದ್ದರೆ ಯಾರನ್ನು ಕೇಳಬೇಕು. ಓದಲು ಬಾರದವರಿಗಾಗಿ ಪಾಳಿ ಬದಲಾಗುವ ಹೊತ್ತಿಗೆ ಮೇಸ್ತ್ರಿಯವರೇ ಓದಿ ಹೇಳಿದರು. ಮುಖ ಗುರುತಿಸಿ ಹಾಜರಿ ಹಾಕುವ ಯಂತ್ರದ ಪ್ರಸ್ತಾವವೂ ಇದೇ ಸಮಯಕ್ಕೆ ಬಂದಿತ್ತು. ಅದು ಬೇರೆಯೇ ಲೆಕ್ಕವೆಂದು ಬದಿಗಿಟ್ಟಿದ್ದೇವೆ.

ಫಲಕ ಹಾಕಿದ ಮೇಲೆ ಬಂದ ಮೊದಲ ಅರ್ಜಿ ಒಬ್ಬ ಲಾರಿ ಚಾಲಕರದ್ದು. ಅಂಗಳದಲ್ಲಿ ಇನ್ನೊಂದು ಲಾರಿ ಹಿಂದಕ್ಕೆ ಬರುವಾಗ ತಮ್ಮ ಗಾಡಿಯ ಕನ್ನಡಿ ಒಡೆದಿದೆ, ಮಾಲೀಕರು ತಮ್ಮ ಸಂಬಳದಲ್ಲಿ ಹಿಡಿಯುತ್ತಾರೆ, ದೃಶ್ಯ ಬೇಕು ಎಂದರು. ರಿಜಿಸ್ಟರಿನಲ್ಲಿ ಬರೆದುಕೊಂಡು, ಕಂಟ್ರೋಲ್ ರೂಮಿಗೆ ಕರೆದೊಯ್ದು ತೋರಿಸಿದೆವು. ಅದರಲ್ಲಿ ಬೇರೆ ಹಮಾಲರ ಮುಖಗಳಿದ್ದುದರಿಂದ ಫೋನಿನಲ್ಲಿ ಚಿತ್ರಿಸಿಕೊಳ್ಳಲು ಬಿಡಲಿಲ್ಲ. ಅವರಿಗೆ ಸ್ವಲ್ಪ ಬೇಸರವೂ ಆಯಿತು. ತುಣುಕನ್ನು ಅಳಿಸಿ ಹೋಗದಂತೆ ತೆಗೆದಿಟ್ಟು, ಸಾಗಣೆ ಕಂಪನಿಯ ಪತ್ರ ಬಂದ ಕೂಡಲೇ ಉಳಿದ ಮುಖಗಳನ್ನು ಮಸುಕುಗೊಳಿಸಿದ ಪ್ರತಿಯನ್ನು ಕಳಿಸಿಕೊಟ್ಟೆವು. ಕನ್ನಡಿಯ ಹಣ ಇನ್ನೊಂದು ಲಾರಿಯವರ ಮೇಲೆ ಬಿತ್ತು.